ಅಂಗನವಾಡಿ ಪಕ್ಕದ ಮೂಲೆ

ಎರಡು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹಿಂದಿನ ಬೀದಿಯ ಜಯಮ್ಮನವರು ನಿಂತಿದ್ದರು. ಕೈಯಲ್ಲಿ ನಮ್ಮನೆಯ ಕಸದ ಕವರ್!

"ನಿಮ್ದೇ ಅಲ್ವಾ ಸಾರ್? ಒಳಗಿದ್ದ ಕೊರಿಯರ್ ಡಬ್ಬದ ಮೇಲೆ ನಿಮ್ಮ ಹೆಸ್ರಿತ್ತು."

ನಮ್ಮದೇ. ಹಿಂದಿನ ದಿನ ದೇವನಹಳ್ಳಿಯ ಆಫೀಸಿಗೆ ಹೊರಟ ಅವಸರದಲ್ಲಿ, ಅಂಗನವಾಡಿ ಪಕ್ಕದ ಮೂಲೆಗೆ ಸ್ಕೂಟರಿನಿಂದಲೇ ಎಸೆದಿದ್ದೆ. (ಹೌದು, ಇದೇ ಅಂಕಣದಲ್ಲಿ ಸ್ವಚ್ಛತೆಯ ಬಗ್ಗೆ ಉಪದೇಶ ಮಾಡಿದವನು ನಾನೇ.) ಇಡೀ ಬೀದಿಯೇ ಎಸೆಯುವಾಗ ನನ್ನದೊಂದು ಕವರ್ ಹೆಚ್ಚೇ?

ಜಯಮ್ಮ ಮಗ್ಗದ ಮನೆಯವರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬದುಕಿದವರ ದನಿ ಸ್ವಲ್ಪ ಜೋರು. ಬೈಗುಳಕ್ಕೆ ಸಿದ್ಧನಾದೆ. ಆದರೆ ಅವರ ದನಿ ತಗ್ಗಿತ್ತು.

"ಮೊಮ್ಮಗಳು ಅಂಗನವಾಡಿಗೆ ಹೋಗಲ್ಲ ಅಂತ ಅಳ್ತಾಳೆ. ಕಸಕ್ಕೆ ಬರೋ ನಾಯಿಗಳು ಮೊನ್ನೆ ಅವಳ ಮೇಲೇ ಎರಗಿಬಿಟ್ವು. ಒಂದ್ ವಾರದಿಂದ ಒಬ್ಳೇ ಎತ್ತುತಾ ಇದೀನಿ, ಆಗ್ತಿಲ್ಲ. ಜಗಳಕ್ಕೆ ಬಂದಿಲ್ಲ ಸಾರ್. ನೀವೂ ಒಂದ್ ಕೈ ಹಾಕ್ತೀರಾ?"

ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ಹೊರಟೆ.

ಮೂರು ಭಾನುವಾರ ಎತ್ತಿದೆವು. ಎರಡನೆಯ ವಾರಕ್ಕೆ ಎದುರು ಮನೆಯ ಮೇಷ್ಟ್ರು ಗುದ್ದಲಿ ತಂದರು. ಮೂರನೆಯ ವಾರ ಕಸದಡಿಯಲ್ಲಿ ಒಂದು ಕಲ್ಲುಬೆಂಚು ಸಿಕ್ಕಿತು! ಅಲ್ಲಿ ಬೆಂಚಿತ್ತೆಂಬುದನ್ನೇ ನಾವೆಲ್ಲ ಮರೆತಿದ್ದೆವು. ಗೋಡೆಗೆ ಸುಣ್ಣ ಬಳಿದೆವು, ಎರಡು ಹೊಂಗೆ ಸಸಿ ನೆಟ್ಟೆವು.

ಮರುದಿನ ಬೆಳಿಗ್ಗೆ ನೋಡಿದರೆ ಸಸಿಯ ಬುಡದಲ್ಲಿ ಮತ್ತೆ ನಾಲ್ಕು ಕವರ್. ನನಗೆ ರೇಗಿತು. "ಕ್ಯಾಮೆರಾ ಹಾಕಿಸೋಣ, ಫೋಟೊ ತೆಗೆದು ಗ್ರೂಪಿಗೆ ಹಾಕೋಣ" ಅಂದೆ.

"ಬೇಡಿ ಸಾರ್, ಮುಖ ಮುರಿದ್ರೆ ಆಮೇಲೆ ಯಾರೂ ಬರಲ್ಲ" ಎಂದರು ಜಯಮ್ಮ.

ಮಾರನೆಯ ದಿನದಿಂದ ಬೆಳಗ್ಗೆ ಬೆಳಗ್ಗೆಯೇ ಆ ಬೆಂಚಿನ ಮೇಲೆ ಕುಳಿತರು. ಕವರ್ ಹಿಡಿದು ಬಂದವರನ್ನೆಲ್ಲ "ಕಾಫಿ ಆಯ್ತಾ?" ಎಂದು ಕೇಳಿದರು. ಅಷ್ಟೇ. ಬಂದವರು ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ಆಯ್ತಮ್ಮ" ಎಂದು ವಾಪಸಾದರು. ಕೆಲವರು ಮುಂದಿನ ಭಾನುವಾರ ಬಿಂದಿಗೆಯಲ್ಲಿ ನೀರು ಹೊತ್ತು ಬಂದರು.

ಮೊನ್ನೆ ಅಲ್ಲಿ ಸ್ಕೂಟರ್ ನಿಲ್ಲಿಸಿದೆ. ಮೊಮ್ಮಗಳು ಅಜ್ಜಿಯ ಕೈ ಬಿಡಿಸಿಕೊಂಡು, ಒಬ್ಬಳೇ ಓಡಿ ಅಂಗನವಾಡಿಯೊಳಗೆ ಹೋದಳು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತುಂಬಾ ಉಪಕಾರ ಆಯ್ತು ಜಯಮ್ಮ" ಅಂದೆ.

"ನಂದೇನಿದೆ ಸಾರ್? ಎಲ್ಲಾರೂ ಎತ್ತಿದ್ರಲ್ಲ!"

ಎತ್ತಿದೆವು, ನಿಜ. ಆದರೆ ಅವತ್ತು ಅವರು ಬೈದಿದ್ದರೆ ನಾನೂ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕರೆದರು, ಹೋದೆ. ನಿಮ್ಮ ಬೀದಿಯಲ್ಲಿ ಕಸ ಎಸೆಯುವವರನ್ನು ನೀವು ಒಮ್ಮೆಯಾದರೂ ಕರೆದು ನೋಡಿದ್ದೀರಾ?