ರೊಟ್ಟಿ ಬುಟ್ಟಿಯಲ್ಲಿ ಬಂದ ಮರಿಗಳು

ಜೋಳದ ರೊಟ್ಟಿ ಆರದಿರಲೆಂದು ಹಳೆಯ ಸೀರೆಯ ತುಂಡು ಹಾಸಿ ಮುಚ್ಚಿಡುವ ಬಿದಿರಿನ ಬುಟ್ಟಿ ನಿಮ್ಮ ಮನೆಯಲ್ಲೂ ಇದ್ದೀತು. ಅಂಥದೊಂದು ಬುಟ್ಟಿಯಲ್ಲಿ ಏಳು ಕಾಡುಬಾತಿನ ಮರಿಗಳನ್ನು ಇಟ್ಟುಕೊಂಡು ನಾನೊಮ್ಮೆ ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ್ದೆ. ತೊಂಬತ್ತರ ದಶಕದ ಮಾತು. ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಹಿಗ್ಗು ಅಂದು ನನ್ನ ಮುಖದ ಮೇಲೆ ಎಷ್ಟಿತ್ತೋ! ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ತಂಗಿ ತೀರಿಕೊಂಡು ಐದು ತಿಂಗಳಾಗಿತ್ತು. ಹಂಪಸಾಗರದ ಆ ಮನೆಯಲ್ಲಿ ಉಳಿದವರು ಇಬ್ಬರೇ, ಅವಳ ಗಂಡ ಈರಣ್ಣ ಮತ್ತು ಆರು ವರ್ಷದ ಮಗಳು ಸುಮಾ. ತಾನೇ ಬಡಿದ ದಪ್ಪ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮಗಳಿಗೆ ಉಣಿಸುವ, ಜಡೆ ಹಾಕಲು ಬಾರದೆ ಕೂದಲನ್ನು ದಾರದಿಂದ ಕಟ್ಟಿ ಕಳಿಸುವ ಆ ಮನುಷ್ಯನನ್ನು ಕಂಡರೆ ನನಗೆ ಕನಿಕರಕ್ಕಿಂತ ಅಸಹನೆಯೇ ಹೆಚ್ಚು.

"ಹೆಣ್ಣುಕೂಸು ಈರಣ್ಣ, ನಿನ್ನ ಕೈಲೆ ಆಗಂಗಿಲ್ಲ. ನಮ್ಮನ್ಯಾಗ ಇರ್ಲಿ, ಅಲ್ಲೇ ಸಾಲಿಗೆ ಹಾಕ್ತೀನಿ" ಎಂದು ಒತ್ತಾಯ ಮಾಡಿ, ಅಂದು ಅವಳನ್ನು ಕರೆದೊಯ್ಯಲೆಂದೇ ಬಂದಿದ್ದೆ. ಆತ "ಆಗ್ಲಿರಿ ಅಕ್ಕಾರ" ಎಂದಷ್ಟೇ ಹೇಳಿ, ಮಗಳ ಲಂಗಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬಿದ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ರೊಟ್ಟಿ ಬುಟ್ಟಿ ಹಿಡಿದುಕೊಂಡು ಹಿನ್ನೀರಿನ ಅಂಚಿನ ಹೊಲಕ್ಕೆ ಹೋದೆವು. ಈರಣ್ಣ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಾಗ ಅವನ ಕಾಲ ಬಳಿಯಿಂದ ಬಾತೊಂದು ಬುರ್ರನೆ ಎದ್ದು, ನಾಲ್ಕು ಮಾರು ಆಚೆ ಬಿದ್ದು, ಒಂದು ರೆಕ್ಕೆಯನ್ನು ನೆಲಕ್ಕೆಳೆಯುತ್ತ ತೆವಳಿ ಜೊಂಡಿನಲ್ಲಿ ಮರೆಯಾಯಿತು. ಹುಲ್ಲಿನ ನಡುವೆ ಏಳು ಮರಿಗಳು, ಹಳದಿಗೆ ಕಂದು ಬೆರೆತ ಬಣ್ಣದವು, ಒಂದರ ಬೆನ್ನಿಗೊಂದು ಅಂಟಿಕೊಂಡು ಕೂತಿದ್ದವು.

"ಪಾಪ, ರೆಕ್ಕಿ ಮುರದೈತಿ. ನಾಯಿ ಅದನ್ನೂ ಬಿಡಂಗಿಲ್ಲ, ಮರೀನೂ ಬಿಡಂಗಿಲ್ಲ" ಎಂದೆ.

"ಚೂರು ದೂರ ನಿಂತು ನೋಡೂಣ್ರಿ ಅಕ್ಕಾರ."

ಅವನ ಮಾತು ಎಂದಾದರೂ ನನ್ನ ಕಿವಿಗೆ ಬಿದ್ದದ್ದುಂಟೇ? ಬುಟ್ಟಿಗೆ ಮರಿಗಳೂ ಬಂದವು, ಬಸ್ಸಿಗೆ ಸುಮಾಳೂ ಬಂದಳು. ದಾರಿಯುದ್ದಕ್ಕೂ ಹುಡುಗಿ ಬುಟ್ಟಿಯ ಬಟ್ಟೆ ಎತ್ತಿ ನೋಡುತ್ತಲೇ ಇದ್ದಳು.

ನೀರಿನ ಹಕ್ಕಿಗೆ ನೀರಿಗಿಂತ ಹಿತವಾದದ್ದು ಬೇರೇನಿದೆ ಎಂದುಕೊಂಡು ಮರುದಿನ ಬೆಳಿಗ್ಗೆ ಹಿತ್ತಲಿನ ತೊಟ್ಟಿಗೆ ನೀರು ತುಂಬಿಸಿ ಬಿಟ್ಟೆ. ಅವು ಈಜಿದವು, ಅಕ್ಕಪಕ್ಕದವರು ಬಂದು ನೋಡಿದರು, ಸುಮಾ ಮೊದಲ ಸಲ ನಕ್ಕಳು. ಆ ನಗುವಿನ ಆಸೆಗೆ ಸಂಜೆಯವರೆಗೂ ಅವನ್ನು ಮೇಲೆತ್ತಲಿಲ್ಲ. ಎತ್ತಿದಾಗ ಒಂದೊಂದೂ ನೆನೆದ ಹತ್ತಿಯ ಉಂಡೆಯಂತೆ ತೊಟ್ಟಿಕ್ಕುತ್ತ ನಡುಗುತ್ತಿತ್ತು. ಒಲೆಯ ಬಳಿ ಇಟ್ಟೆ, ಸೆರಗಿನಲ್ಲಿ ಒರೆಸಿದೆ. ಬೆಳಗಾಗುವಷ್ಟರಲ್ಲಿ ಐದು ಮರಿ ಸೆಟೆದಿದ್ದವು.

ಕುರಿ ಕಾಯುತ್ತ ಹೊಳೆಯ ದಂಡೆಯಲ್ಲೇ ಬೆಳೆದ ಎದುರುಮನೆಯ ಮಲ್ಲವ್ವ ಬಂದು, ಸತ್ತ ಮರಿಯೊಂದನ್ನು ಅಂಗೈಯಲ್ಲಿಟ್ಟು ನೋಡಿದಳು. "ಅವ್ವನ ಎದಿ ಕೆಳಗ ಮಲಗಿದ್ರ ಅದರ ಮೈಯಾಗಿನ ಎಣ್ಣಿ ಇವಕ್ಕ ಹತ್ತತೈತಿ ತಾಯಿ. ಅದಿಲ್ಲಂದ್ರ ನೀರು ಮೈಗೆ ಇಳೀತೈತಿ."

"ಅವ್ವಗ ರೆಕ್ಕಿ ಮುರದಿತ್ತು, ಮಲ್ಲವ್ವ."

"ಮುರದಿದ್ದಿಲ್ಲ ಬಿಡು. ಮರಿ ಕಡಿಂದ ನಿಮ್ಮನ್ನ ದೂರ ಎಳಕೊಂಡು ಹೋಗಾಕ ಹಂಗ ಬಿದ್ದು ತೆವಳತೈತಿ. ನೀವು ಹೋದ ಮ್ಯಾಲೆ ಬಂದಿರತೈತಿ."

ಬಾಗಿಲ ಹಿಂದೆ ನಿಂತಿದ್ದ ಸುಮಾ ಮೆಲ್ಲಗೆ ಕೇಳಿದಳು: "ದೊಡ್ಡವ್ವ, ಇವನ್ನ ವಾಪಸ್ ಬಿಟ್ಟು ಬರೂಣೇನು?" ಆಮೇಲೆ, ಇನ್ನೂ ಮೆಲ್ಲಗೆ, "ನನ್ನೂ?"

ಉಳಿದ ಎರಡು ಮರಿಗಳನ್ನೂ ಸುಮಾಳನ್ನೂ ಅವಳ ಚೀಲವನ್ನೂ ಹೊತ್ತು ಮೊದಲ ಬಸ್ಸಿಗೆ ಹಂಪಸಾಗರಕ್ಕೆ ಹೋದೆ. ಈರಣ್ಣ ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿದ್ದ. ಕುಡುಗೋಲು ಪಕ್ಕದಲ್ಲಿತ್ತು, ಹುಲ್ಲು ಕೊಯ್ದಿರಲಿಲ್ಲ.

"ನಿನ್ನಿ ಹೊತ್ತು ಮುಳುಗೋತನ ಬಾತು ಇಲ್ಲೇ ಕೂಗಿಕೋಂತ ತಿರುಗಿತ್ರಿ. ಇವತ್ತು ಬಂದಿಲ್ಲ" ಎಂದ.

ಮರಿಗಳನ್ನು ಜೊಂಡಿನ ಅಂಚಿಗೆ ಬಿಟ್ಟು ದೂರ ನಿಂತೆವು. ನಿಂತು ಸಾಕಾಗಿ ಕೂತೆವು. ಎಷ್ಟು ಹೊತ್ತು ಕಾದೆವೆಂದರೆ, ಸುಮಾ ಅಪ್ಪನ ತೊಡೆಯ ಮೇಲೇ ನಿದ್ದೆ ಹೋದಳು. ಮರಿಗಳ ಸಣ್ಣ ದನಿಗೆ ಆ ಅಗಾಧ ನೀರು ಉತ್ತರ ಕೊಡಲಿಲ್ಲ.

ಬಸ್ಸಿನ ವೇಳೆಯಾದಾಗ ಈರಣ್ಣ ಮಗಳನ್ನು ಎಬ್ಬಿಸಲು ಹೋದ. "ಮಲಗಲಿ ಬಿಡು. ಇಲ್ಲೇ ಇರ್ತಾಳ" ಎಂದೆ. ಆತ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡ. ಐದು ತಿಂಗಳಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಳಲಾರದವನೆಂದು ನಾನು ತಿಳಿದಿದ್ದೆ.

ಆ ಎರಡು ಮರಿಗಳನ್ನೂ ಮರುದಿನ ಆತ ಬದುವಿನಲ್ಲಿ ಮಣ್ಣು ಮಾಡಿದನಂತೆ. ಅವುಗಳ ಅವ್ವ ಬಂದು ಕರಕೊಂಡು ಹೋಯಿತೆಂದು ಮಗಳಿಗೆ ಹೇಳಿದನಂತೆ. ಹಾಗೆಂದು ನನ್ನಲ್ಲಿ ಗುಟ್ಟಾಗಿ ಹೇಳಿದ್ದ, ಅದನ್ನು ವರ್ಷಗಟ್ಟಲೆ ಕಾಪಾಡಿದೆ. ಸುಮಾಳ ಮದುವೆಯ ಹಿಂದಿನ ದಿನ, ಜಡೆ ಹೆಣೆಯುತ್ತ ಕೂತಾಗ, ಏಕೋ ತಡೆಯಲಾರದೆ ಬಾಯಿಬಿಟ್ಟೆ.

"ನನಗ ಅವತ್ತೇ ಗೊತ್ತಿತ್ತು ದೊಡ್ಡವ್ವ" ಎಂದಳು. "ಅಪ್ಪಗ ಹಂಗ ಹೇಳಿ ಸಮಾಧಾನ ಆಗಿತ್ತು. ಅದಕ್ಕ ಸುಮ್ಮನಿದ್ದೆ."