ನಾನು ಮಾರಿದ ಸಿಂಥಸೈಜರ್

ಜಮಖಂಡಿಯ ಬಜಾರದಲ್ಲಿ ವಾದ್ಯಗಳ ಅಂಗಡಿಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕೆಲಸಕ್ಕಿದ್ದೇನೆ. ಹಾರ್ಮೋನಿಯಂ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಪೇಟಿ, ತಬಲಾ, ತಾಳ, ಭಜನಾ ಮಂಡಳಿಗಳಿಗೆ ಬೇಕಾಗುವ ಮೈಕು, ಮಕ್ಕಳ ಸಣ್ಣ ಕೀಬೋರ್ಡು ಎಲ್ಲ ಮಾರುತ್ತೇನೆ. ಬಿಡುವಿದ್ದಾಗ ಮದುವೆ ಮನೆಗಳಲ್ಲಿ ಕೀಬೋರ್ಡ್ ಬಾರಿಸುತ್ತೇನೆ. ಅದಕ್ಕೇ ಎಲ್ಲರೂ ನನ್ನನ್ನು ಮಾಸ್ತರ ಎನ್ನುವುದು. ನನ್ನ ಕೀಬೋರ್ಡಿಗೂ ವಯಸ್ಸಾಗಿದೆ. ಅದರ ಎರಡು ಕೀಗಳು ಒತ್ತಿದರೆ ತಾವಾಗಿ ಮೇಲೇಳುವುದಿಲ್ಲ, ಹಾಡಿನ ನಡುವೆಯೇ ಉಗುರಿನಿಂದ ಎತ್ತಬೇಕು.

ದೊಡ್ಡ ಸಿಂಥಸೈಜರ್ ಒಂದರ ಮೇಲೆ ಮೂರು ವರ್ಷಗಳಿಂದ ನನ್ನ ಕಣ್ಣಿತ್ತು. ಎಂಬತ್ತೆಂಟು ಕೀ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ನುಡಿಯುವಂಥದ್ದು. ಊಟಕ್ಕೆ ಕುಳಿತಾಗಲೂ ಮೊಬೈಲಿನಲ್ಲಿ ಅದರ ವಿಡಿಯೋ ನೋಡುತ್ತಿದ್ದೆ. "ಹಿಂಗ ನೋಡ್ಕೋತ ಕುಂತ್ರ ಅದು ಮನಿಗಿ ನಡಕೋತ ಬರತೈತೇನು?" ಎಂದು ಹೆಂಡತಿ ನಗುತ್ತಿದ್ದಳು. ನನ್ನ ಸಂಬಳದಲ್ಲಿ ಅದು ಬರುವ ಮಾತೇ ಇರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಬನಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಐವತ್ತೈದರ ಆಸುಪಾಸಿನವರು. ಮನೆಯವರದು ನೂಲಿನ ವ್ಯಾಪಾರ, ಮನೆಯ ಹಿಂದೆ ಎಂಟು ಪಾವರ್‌ಲೂಮು. ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು ತಂದಿದ್ದ ಮಾಡೆಲ್ ನಂಬರನ್ನು ನನ್ನ ಮುಂದೆ ಇಟ್ಟರು. ನಾನು ಕನಸು ಕಾಣುತ್ತಿದ್ದ ಅದೇ ಮಾಡೆಲ್.

"ಮಗಗೇನ್ರಿ ಅಕ್ಕಾರ?"

"ಅಲ್ರಿ, ನನಗ."

ಅವರ ತವರು ರನ್ನ ಬೆಳಗಲಿ. ಅಲ್ಲಿ ಅವರ ತಂದೆ ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದರಂತೆ, ಮಗಳಿಗೂ ಕಲಿಸಿದ್ದರಂತೆ. ಮದುವೆಯಾದ ಮೇಲೆ ಮೂವತ್ತು ವರ್ಷ ಅದನ್ನು ಮುಟ್ಟಿರಲಿಲ್ಲ. ಈಗ ಮಕ್ಕಳದ್ದೆಲ್ಲ ಒಂದು ಹಂತಕ್ಕೆ ಬಂದಿದೆ, ಇನ್ನು ನನ್ನದು ಎಂದರು. ಅದು ಅವರ ಪಾಲಾಗುವುದು ನನಗೆ ಬೇಕಿರಲಿಲ್ಲ. ಪ್ರಾಮಾಣಿಕ ಸಲಹೆ ಕೊಡುವವನಂತೆ ಮುಖ ಮಾಡಿಕೊಂಡು ಹೇಳಿದೆ:

"ಮೊದಲ ಸಣ್ಣದು ತಗೊಂಡು ಕಲೀರಿ. ಇದು ಭಾಳ ಕಠಿಣ ಐತಿ."

"ಸಣ್ಣದು ಮೊಮ್ಮಗಳ ಹಂತೇಕ ಐತ್ರಿ. ಅದರಾಗ ಬಾರಿಸಿ ನೋಡೇನಿ. ಎಲ್ಲಾ ಒಂದ ನಮೂನಿ ಕೇಳತೈತಿ. ನೀವು ಇದನ್ನ ತರಸ್ರಿ."

ಹುಬ್ಬಳ್ಳಿಯಿಂದ ತರಿಸಿದೆವು. ಪೆಟ್ಟಿಗೆ ಸೋಮವಾರ ಬಂತು. ಅದೇ ದಿನ ಅವರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅಂಗಡಿಯ ಮಾಲೀಕರು ಊರಲ್ಲಿರಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆಯ ಟೇಪು ಕತ್ತರಿಸಿ, ಥರ್ಮಾಕೋಲ್ ತೆಗೆದು, ಅದನ್ನು ಎರಡು ಸ್ಟೂಲಿನ ಮೇಲಿಟ್ಟು ಬಾರಿಸಿದೆ. ಗಿರಾಕಿ ಬಂದರೆ ಹೊರಗೆ ಓಡುವುದು, ಹೋದೊಡನೆ ಮತ್ತೆ ಒಳಗೆ. ಮಂಗಳವಾರ ಅವರೇ ಫೋನ್ ಮಾಡಿ ಕೇಳಿದಾಗ "ಇನ್ನೂ ಬಂದಿಲ್ರಿ ಅಕ್ಕಾರ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಬುಧವಾರ ಅವರು ಯಾವುದೋ ಕೆಲಸಕ್ಕೆ ಜಮಖಂಡಿಗೆ ಬಂದವರು ಅಂಗಡಿಗೂ ಬಂದರು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಬರುತ್ತಿದ್ದ ನಾದ ಕೇಳಿ ಗೋದಾಮಿನ ಬಾಗಿಲಿಗೇ ಬಂದು ನಿಂತರು. ನಾನು ತಲೆ ಎತ್ತಿದಾಗ ಅವರು ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಇದು ನನ್ನದೇನ್ರಿ?"

"ಹೌದ್ರಿ... ಚೆಕ್ ಮಾಡಾಕತ್ತಿದ್ನಿರಿ."

ಕತ್ತರಿಸಿದ ಟೇಪನ್ನು ನೋಡಿದರು, ನನ್ನನ್ನೂ ನೋಡಿದರು. "ನಮ್ಮ ಕಡೆ ಸೀರಿ ಮಾರತೀವ್ರಿ ಮಾಸ್ತರ. ಮಡಚಿದ್ದ ಘಳಿಗಿ ಮುರದು, ಮನಿಯಾಕಿಗಿ ಉಡಿಸಿ ನೋಡಿ, ಆಮ್ಯಾಲ ಗಿರಾಕಿಗಿ ಕೊಡೂದಿಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅವರು ಅಲ್ಲಿಗೇ ಬಿಟ್ಟರು. ಯಂತ್ರದ ಹತ್ತಿರ ಬಂದು, "ಈಗ ಬಾರಸಾಕತ್ತಿದ್ರೆಲ್ಲ, ಅದು ಯಾವ ಹಾಡ್ರಿ? ಅದನ್ನ ನನಗ ಕಲಸ್ರಿ" ಎಂದರು. ಹಾಗೆ ನಾನು ಪ್ರತಿ ರವಿವಾರ ಬನಹಟ್ಟಿಗೆ ಹೋಗುವುದು ಶುರುವಾಯಿತು.

ಅವರ ಮನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಅದಕ್ಕೆ ಸ್ಟ್ಯಾಂಡು, ಮೇಲೆ ಹೊದಿಸಲು ಅವರೇ ಹೊಲಿದ ಕೈಮಗ್ಗದ ಬಟ್ಟೆ, ಲೈಟು ಹೋದರೆ ಬೇಕೆಂದು ಬ್ಯಾಟರಿ ಎಲ್ಲ ಸಜ್ಜಾಗಿತ್ತು. ಆರು ತಿಂಗಳಲ್ಲಿ ಈ ಹುಚ್ಚು ಇಳಿಯುತ್ತದೆ, ಆಗ ಅರ್ಧ ಬೆಲೆಗೆ ನನಗೇ ಕೊಡಬಹುದು ಎಂದು ಒಳಗೊಳಗೇ ಎಣಿಸುತ್ತಿದ್ದೆ. ಇಳಿಯಲಿಲ್ಲ. ಅವರು ಮುಂಜಾನೆ ರೊಟ್ಟಿ ಬಡಿದಾದ ಮೇಲೆ ಎರಡು ತಾಸು ಕೂರುತ್ತಿದ್ದರು. ಯಂತ್ರದ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕದ ಪುಟಗಳ ಫೋಟೋ ಕಳಿಸಿ, ಮಗಳಿಂದ ಫೋನಿನಲ್ಲಿ ಓದಿಸಿ ಅರ್ಥ ಮಾಡಿಕೊಂಡಿದ್ದರು. ಒಂದು ರವಿವಾರ ನಾನು ಹೋದಾಗ, "ಇದನ್ನ ಕೇಳ್ರಿ" ಎಂದು ಒಂದು ಕೀ ಒತ್ತಿದರು.

ಮಗ್ಗದ ಸದ್ದು. ಕೆಳಗಿನ ಲೂಮಿನ ಖಟ್-ಖಟಾ-ಖಟ್ಟನ್ನು ಮೊಬೈಲಿನಲ್ಲಿ ಹಿಡಿದು, ಯಂತ್ರಕ್ಕೆ ತುಂಬಿ, ಒಂದೊಂದು ಕೀಗೆ ಒಂದೊಂದು ತುಂಡು ಜೋಡಿಸಿದ್ದರು. ಎಡಗೈಯಲ್ಲಿ ಆ ಲಯ ಹಿಡಿದು, ಬಲಗೈಯಲ್ಲಿ ತಂದೆಯಿಂದ ಕಲಿತ ಭಜನೆಯ ಧಾಟಿ ಬಾರಿಸಿದರು. ಬನಹಟ್ಟಿಯ ಓಣಿಗಳಲ್ಲಿ ನಾನು ಆ ಸದ್ದನ್ನು ಸಾವಿರ ಸಲ ಕೇಳಿದ್ದೆ. ಒಂದು ಸಲವೂ ಅದು ನನಗೆ ತಾಳವಾಗಿ ಕೇಳಿಸಿರಲಿಲ್ಲ. ಅಲ್ಲಿಯವರೆಗೆ ಅವರ ಹತ್ತಿರ ಯಂತ್ರವಿದೆ ಎಂದು ಹೊಟ್ಟೆ ಉರಿಯುತ್ತಿತ್ತು. ಆ ದಿನದಿಂದ ಅವರಿಗೆ ಅಂಥ ಕಿವಿಯಿದೆ ಎಂದು ಉರಿಯತೊಡಗಿತು.

ಸುದ್ದಿ ಹಬ್ಬಿತು. ಮುಧೋಳದ ಒಬ್ಬ ಸಂಗೀತ ಶಿಕ್ಷಕರು ಅವರ ಮನೆಗೆ ಬಂದು ನೋಡಿ ಅಂಥದ್ದೇ ಒಂದನ್ನು ನನ್ನಿಂದ ತರಿಸಿದರು. ಆಮೇಲೆ ಬೀಳಗಿಯಲ್ಲಿ ಮದುವೆಯ ಆರ್ಕೆಸ್ಟ್ರಾ ನಡೆಸುವವರೊಬ್ಬರು. ಮಾಲೀಕರು ನನ್ನ ಬೆನ್ನು ತಟ್ಟಿದರು. ಅದನ್ನು ಕೊಂಡ ಮೂವರೂ ಒಮ್ಮೆ, ನಾನಿದ್ದಾಗಲೇ, ಬನಹಟ್ಟಿಯ ಆ ಕೋಣೆಯಲ್ಲಿ ಸೇರಿ ಚಹಾ ಕುಡಿಯುತ್ತ, "ನಮ್ಮದರಾಗ ಸಾರಂಗಿ ಛಲೋ ಬರತೈತಿ", "ನಮ್ಮದು ಸ್ವಲ್ಪ ಬಿಸಿ ಆಗತೈತಿ ನೋಡ್ರಿ" ಎಂದು ಎಮ್ಮೆ ಕಟ್ಟಿದವರು ಎಮ್ಮೆಯ ಸುದ್ದಿ ಹೇಳಿದಂತೆ ಹೇಳಿಕೊಂಡರು. "ನಿಮ್ಮದರಾಗ ಹೆಂಗೈತ್ರಿ ಮಾಸ್ತರ?" ಎಂದು ಬೀಳಗಿಯವರು ನನ್ನ ಕಡೆ ತಿರುಗಿದರು. "ನಂದಿಲ್ರಿ" ಎಂದೆ. ಅವರು ಪಾಪ, ಚಹಾದ ಕಪ್ಪಿನೊಳಗೆ ನೋಡಿದರು.

ಅದಾಗಿ ಎರಡು ವಾರಕ್ಕೆ ನೇಕಾರ ಹೆಣ್ಣುಮಕ್ಕಳ ಸಂಘದವರು ತಮ್ಮ ವಾರ್ಷಿಕ ಕಾರ್ಯಕ್ರಮದಲ್ಲಿ ಬಾರಿಸಲು ಅಕ್ಕಾರನ್ನು ಕರೆದರು. ಅವರು ನನ್ನನ್ನು ಕೇಳಿದರು.

"ಮಂದಿ ಮುಂದ ಬಾರಸೂವಂಗ ಆಗೇನೇನ್ರಿ ಮಾಸ್ತರ? ಖರೆ ಹೇಳ್ರಿ."

ಆಗಿದ್ದರು. ನನಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ವರ್ಷ ತಡೀರಿ ಅಕ್ಕಾರ. ಕೈ ಇನ್ನೂ ನಡಗತಾವ."

ಅವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾದ್ರ ನನ್ನ ಪೇಟಿ ಒಯ್ದು ನೀವ ಬಾರಸ್ರಿ" ಎಂದರು. ಅಷ್ಟು ದೊಡ್ಡ ಯಂತ್ರಕ್ಕೂ ಅವರು ಪೇಟಿ ಎಂದೇ ಅನ್ನುತ್ತಿದ್ದರು. ನಾನು ಒಂದು ಮಾತೂ ಬೇಡವೆನ್ನದೆ ಒಪ್ಪಿಕೊಂಡೆ.

ಕಾರ್ಯಕ್ರಮ ಮುಂಜಾನೆ ಇತ್ತು. ನಾನು ಬಾರಿಸಿದ ಹಾಡುಗಳಿಗೆ ಚಪ್ಪಾಳೆ ಬಂತು, ಮದುವೆಯಲ್ಲಿ ಬರುವಷ್ಟು. ಕೊನೆಗೆ ಅಕ್ಕಾರು ಜೋಡಿಸಿದ್ದ ಮಗ್ಗದ ಲಯವನ್ನು ಹಾಕಿದೆ. ಸಭೆಯ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಒಬ್ಬ ಮುದುಕಿ ಗೋಣು ಹಾಕುತ್ತ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಮುಗಿದಾಗ ಸಂಘದ ಅಧ್ಯಕ್ಷೆ ಮೈಕಿನಲ್ಲಿ, "ನಮ್ಮ ಮಗ್ಗ ಹಾಡೂವಂಗ ಮಾಡಿದ ಮಾಸ್ತರಿಗೆ" ಎಂದು ಶಾಲು ಹೊದಿಸಿದರು. ಮೈಕು ನನ್ನಿಂದ ಗೇಣು ದೂರದಲ್ಲೇ ಇತ್ತು. ಆ ಲಯ ನನ್ನದಲ್ಲ ಎನ್ನದೆ ಕೈ ಮುಗಿದೆ. ಮೂರನೇ ಸಾಲಿನಲ್ಲಿ ಕುಳಿತಿದ್ದ ಅಕ್ಕಾರೂ ಚಪ್ಪಾಳೆ ತಟ್ಟುತ್ತಿದ್ದರು.

ಯಂತ್ರವನ್ನು ಅವರ ಮನೆಗೆ ಮುಟ್ಟಿಸಿ ಹೊರಡುವಾಗ ತಡೆಯಲಾಗಲಿಲ್ಲ. "ಅಕ್ಕಾರ, ನಾ ಸುಳ್ಳು ಹೇಳಿದ್ನಿರಿ. ನಿಮ್ಮ ಕೈ ನಡಗೂದಿಲ್ಲ. ನನಗ ಹೊಟ್ಟಿಕಿಚ್ಚಾಗಿತ್ತು" ಎಂದೆ. ಶಾಲನ್ನು ಅವರ ಮುಂದೆ ಇಟ್ಟೆ.

"ಶಾಲು ನೀವ ಇಟ್ಕೋರಿ" ಎಂದರು. ದನಿ ಏರಿರಲಿಲ್ಲ. "ಬರೂ ರವಿವಾರ ಬ್ಯಾಡ್ರಿ."

ಐದು ತಿಂಗಳು ನಾನು ಆ ಮನೆಗೆ ಹೋಗಲಿಲ್ಲ. ಅವರು ಕರೆಯಲೂ ಇಲ್ಲ. ಆಮೇಲೆ ಒಂದು ದಿನ ರಬಕವಿಯ ಒಂದು ಸಭಾಭವನದಲ್ಲಿ ಅವರೇ ಬಾರಿಸುತ್ತಾರೆಂದು ಮುಧೋಳದ ಶಿಕ್ಷಕರಿಂದ ತಿಳಿದು ಹೋದೆ, ಹಿಂದಿನ ಸಾಲಿನಲ್ಲಿ ಕುಳಿತೆ. ಅದ್ಭುತವಾಗಿ ಬಾರಿಸಿದರು. ಎರಡನೆಯ ಹಾಡಿನಲ್ಲಿ ಮಾತ್ರ ಒಂದು ಕಡೆ ಬೆರಳು ಜಾರಿತು. ಬೇರೆ ಯಾರಿಗೂ ಗೊತ್ತಾಗಿರಲಾರದು. ನನಗೆ ಗೊತ್ತಾಯಿತು, ಖುಷಿಯೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ.

ಮುಗಿದ ಮೇಲೆ ಬಾಗಿಲ ಹತ್ತಿರ ಅವರೇ ನನ್ನನ್ನು ತಡೆದರು.

"ಎರಡನೇದರಾಗ ತಪ್ಪಿತು. ಕೇಳಸ್ತೇನ್ರಿ?"

ಇಲ್ಲವೆನ್ನಬೇಕೆಂದುಕೊಂಡೆ. "ಕೇಳಸ್ತ್ರಿ" ಎಂದೆ. "ಹೆಬ್ಬೆರಳು ಮೊದಲ ಒಳಗ ಹಾಕಬೇಕಿತ್ರಿ."

ಅವರು ಗಾಳಿಯಲ್ಲೇ ಬೆರಳಾಡಿಸಿ ನೋಡಿದರು. "ರವಿವಾರ ಬಂದು ಅಷ್ಟು ತೋರಸ್ರಿ" ಎಂದರು.

ಈಗ ಮತ್ತೆ ಹೋಗುತ್ತಿದ್ದೇನೆ. ಅಟ್ಟದ ಮೆಟ್ಟಿಲು ಹತ್ತುವಾಗ ಆ ನಾದ ಕೇಳಿದರೆ ಇವತ್ತಿಗೂ ಒಳಗೊಂದು ಕಡೆ ಚುರ್ ಎನ್ನುತ್ತದೆ. ಆದರೆ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದೇ ಹೇಳುತ್ತೇನೆ.