ಹೊಸ್ತಿಲಾಚೆಯ ಮೂರು ಚಮಚ ಹಾಲು

ಹಾಲು ಚೆಲ್ಲುವವರನ್ನು ಕಂಡರೆ ನನಗಾಗುವುದಿಲ್ಲ. ಅಂಥ ನನ್ನ ಮನೆಗೇ, ನೈರೋಬಿಯ ಕಿಲೆಲೆಶ್ವಾದ ನಾಲ್ಕನೇ ಮಹಡಿಯ ಫ್ಲಾಟಿಗೆ, ಹದಿನೇಳು ವರ್ಷದ ಒಬ್ಬ ಮಂಗೋಲಿಯಾದ ಹುಡುಗಿ ಪೇಯಿಂಗ್ ಗೆಸ್ಟ್ ಆಗಿ ಬಂದಳು. ಫಿಗರ್ ಸ್ಕೇಟಿಂಗ್ ಕಲಿಯುವವಳು. ನದಿಗಳೇ ಹೆಪ್ಪುಗಟ್ಟುವ ದೇಶ ಬಿಟ್ಟು ಭೂಮಧ್ಯರೇಖೆಯ ಪಕ್ಕಕ್ಕೆ ಐಸ್ ಹುಡುಕಿಕೊಂಡು ಬಂದ ಪುಣ್ಯಾತ್ಗಿತ್ತಿ ನೀನೊಬ್ಬಳೇ ಎಂದು ನಾನು ಛೇಡಿಸುತ್ತಿದ್ದೆ. ಅವಳು ನಂಬಿದ ಕೋಚ್ ಇಲ್ಲಿ ನೆಲೆಸಿದ್ದರು. ಹೋಟೆಲೊಂದರ ಒಳಗಿನ ಪುಟ್ಟ ಐಸ್ ರಿಂಕು ಬೆಳಗಿನ ಹೊತ್ತು ಖಾಲಿ ಇರುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುವ ಜಿಗಿತವೊಂದು ಅವಳಿಗೆ ಬರಬೇಕಿತ್ತು. ತಿಂಗಳು ಮುಗಿಯುವುದರೊಳಗೆ ಅದರ ವಿಡಿಯೊ ಊರಿಗೆ ಹೋದರೆ ತಂಡದಲ್ಲಿ ಜಾಗ. ಇಲ್ಲದಿದ್ದರೆ ಸ್ಕೇಟ್ಸ್ ಬಿಚ್ಚಿಟ್ಟು ಓದಿಗೆ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟು ಬಂದಿದ್ದಳು.

ದಿನಾ ಬೆಳಿಗ್ಗೆ ಆರು ಗಂಟೆಗೆ ಕೋಚ್ ಕಾರು ಕೆಳಗೆ ಬರುತ್ತಿತ್ತು. ಹೊರಡುವ ಮುಂಚೆ ಅವಳು ಚಮಚದಲ್ಲಿ ಹಾಲು ತೆಗೆದುಕೊಂಡು ಹೊಸ್ತಿಲಿನಾಚೆ ಮೂರು ಸಲ ಎರಚುತ್ತಿದ್ದಳು. ಪ್ರಯಾಣ ಹೊರಟವರ ಹಿಂದೆ ಮನೆಯಲ್ಲಿ ಉಳಿದವರು ಹೀಗೆ ಮಾಡುವುದಂತೆ, ಊರಿನಲ್ಲಿ ಅಮ್ಮನ ಕೆಲಸವಂತೆ. ಇಲ್ಲಿ ಅಮ್ಮ ಇಲ್ಲವಾದ್ದರಿಂದ ತನಗೆ ತಾನೇ ಮಾಡಿಕೊಳ್ಳುತ್ತಿದ್ದಳು. ನಾನು ಸರಿ ಎಂದು ತಲೆಯಾಡಿಸಿ, ಲಿಫ್ಟ್ ಬಾಗಿಲು ಮುಚ್ಚುವುದನ್ನೇ ಕಾದು ಬಟ್ಟೆ ತಂದು ಒರೆಸಿಬಿಡುತ್ತಿದ್ದೆ. ಬಿಳಿ ಟೈಲ್ಸು, ಇರುವೆ ಕಾಟ, ಪಕ್ಕದ ಮನೆಯವರ ಗೊಣಗಾಟ ಬೇರೆ.

ಹೊರಟವರ ಹಿಂದೆ ನೆಲ ಒರೆಸಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮಲ್ಲಿ ಹಾಗೆ ಮಾಡುವುದು ಹೆಣ ಎತ್ತಿದ ಮೇಲೆ. ಏಳಕ್ಕೆ ಗಂಡ ಫ್ಯಾಕ್ಟರಿಗೆ ಹೊರಟರೆ ಅರ್ಧ ಗಂಟೆ ನಾನು ಪೊರಕೆ ಮುಟ್ಟುವವಳಲ್ಲ. ಶಕುನ ನಂಬುವುದಿಲ್ಲ, ಆದರೆ ಪಾಲಿಸುತ್ತೇನೆ. ಅದು ನಮ್ಮವರಿಗೆ ಮಾತ್ರ ಎಂದು ಯಾವಾಗ ತೀರ್ಮಾನಿಸಿದೆನೋ ನನಗೇ ನೆನಪಿಲ್ಲ.

ಅವಳು ದಿನಾ ಬೀಳತೊಡಗಿದಳು. ಸೊಂಟ, ಮೊಣಕೈ, ಮತ್ತೆ ಅದೇ ಸೊಂಟ. ಒಂದು ಸಂಜೆ ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, ಯಾಕೆ ಬೀಳುತ್ತೀ ಎಂದು ಕೇಳಿದೆ. ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದಳು: "ಇಳಿಯೋ ಹೊತ್ತಿಗೆ ಐಸ್ ಇರುತ್ತೆ ಆಂಟಿ. ಕಾಲು ತಾಗಿದ ತಕ್ಷಣ ಯಾರೋ ಅಡಿಯಿಂದ ಒರೆಸಿದ ಹಾಗಾಗುತ್ತೆ."

ನನ್ನ ಕೈ ನಿಂತುಹೋಯಿತು. ನಿಜವಾಗಿ ಹೆದರಿದೆ. ಆದರೂ ಮಾರನೆಯ ದಿನ ಮತ್ತೆ ಒರೆಸಿದೆ. ಹೆದರಿಕೆಗೆ ಸೋತೆ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಆ ದಿನ ಅವಳು ಕುಂಟುತ್ತಾ ಬಂದಳು.

ವಿಡಿಯೊಗೆ ಕೊನೆಯ ದಿನ. ಬಾಗಿಲಲ್ಲಿ ನಿಂತು ಅವಳು ಚಮಚವನ್ನು ನನ್ನ ಕೈಗೆ ಕೊಟ್ಟಳು.

"ಇವತ್ತು ನೀವು ಹಾಕಿ ಆಂಟಿ. ಆಮೇಲೆ ಒರೆಸಬೇಡಿ."

ಅಂದರೆ ಮೊದಲಿನಿಂದಲೂ ಅವಳಿಗೆ ತಿಳಿದಿತ್ತು. ಸಂಜೆ ಬಂದು ಒರೆಸಿದ ನೆಲ ನೋಡುತ್ತಲೇ ಇದ್ದಳು, ಬೇರೆಯವರ ಮನೆಯೆಂದು ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಮೂರು ಚಮಚ ಎರಚಿ, ಲಿಫ್ಟ್ ಇಳಿದ ಮೇಲೆ ಸ್ಟೂಲು ತಂದು ಹೊಸ್ತಿಲೊಳಗೆ ಕುಳಿತೆ. ಫ್ಯಾಕ್ಟರಿಗೆ ಹೊರಟ ಗಂಡ ನನ್ನನ್ನೂ ಹಾಲನ್ನೂ ನೋಡಿ ದಾಟಿಕೊಂಡು ಹೋದರು. ಕಾರಿಡಾರು ತೊಳೆಯುವ ಹೆಂಗಸು ಮಾಪ್ ಹಿಡಿದು ಬಂದಳು. "ಬಾಡೋ," ಎಂದೆ ಸ್ವಾಹಿಲಿಯಲ್ಲಿ, ಈಗಲೇ ಬೇಡ ಅಂತ. ಅವಳು ಹಾಲನ್ನು ನೋಡಿ, ನನ್ನ ಮುಖ ನೋಡಿ, ಗೋಡೆಗೆ ಅಂಟಿಕೊಂಡಂತೆ ಸರಿದು ಆಚೆ ಹೋದಳು.

ಒಂದೇ ಒಂದು ಇರುವೆ ಬರಲಿಲ್ಲ. ಏಳೂ ಇಪ್ಪತ್ತಕ್ಕೆ ಅಡುಗೆಮನೆಯ ಫ್ರಿಜ್ಜು ಸುಮ್ಮನಾಯಿತು. ಗಾಳಿ ಇರಲಿಲ್ಲ. ಆದರೂ ಹಾಲಿನ ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಗೆರೆಯೊಂದು, ಸ್ಕೇಟಿನ ಅಲಗು ಎಳೆದ ಹಾಗೆ, ಬಿಲ್ಲಿನಂತೆ ಬಾಗಿ ಬಿಟ್ಟುಕೊಂಡಿತು. ಕೂಡಿಕೊಳ್ಳಲೇ ಇಲ್ಲ. ನಾನು ಸ್ಟೂಲಿನಿಂದ ಏಳಲಿಲ್ಲ.

ಎಂಟರ ಸುಮಾರಿಗೆ ಅವಳ ಫೋನು ಬಂತು. ಬೀಳದೆ ಇಳಿದಿದ್ದಳು. ಅಳುತ್ತಿದ್ದಳು, ನಾನೂ ಅತ್ತೆ. ಎಷ್ಟು ಗಂಟೆಗೆ ಇಳಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮನೆಗೆ ಬಂದವಳು ಒಣಗಿದ ಹಾಲನ್ನು ದಾಟಿ ಒಳಗೆ ಬಂದು, ಬಟ್ಟೆ ಒದ್ದೆ ಮಾಡಿಕೊಂಡು ಹೋಗಿ ತಾನೇ ಕುಕ್ಕರುಗಾಲಲ್ಲಿ ಕೂತು ಒರೆಸಿದಳು. ನಾನು ಬೇಡವೆಂದರೆ ನಕ್ಕಳು.

"ಹೋದವರು ವಾಪಸ್ ಬಂದ ಮೇಲೆ ಒರೆಸಬಹುದು ಆಂಟಿ."

ಮುಂದಿನ ವಾರ ಅವಳು ತಂಡ ಸೇರಲು ವಿಮಾನ ಹತ್ತಿದಳು. ಆ ಬೆಳಿಗ್ಗೆ ಹಾಲು ಎರಚಿದ್ದು ನಾನೇ. ಈಗ ಎಂಟು ತಿಂಗಳಾಯಿತು. ಕಾರಿಡಾರಿನವಳು ಆ ಜಾಗ ಬಿಟ್ಟು ಉಳಿದದ್ದನ್ನು ತೊಳೆಯುತ್ತಾಳೆ. ಹೊಸ್ತಿಲಿನಾಚೆ ಮೂರು ಬಿಳಿ ಕಲೆಗಳು ಹಾಗೇ ಇವೆ, ಇರುವೆ ಇನ್ನೂ ಮುಟ್ಟಿಲ್ಲ.